ಬೆಲೆ ರೈಫಲಿಗೋ, ಕೈಗೋ?

ಹಾನಗಲ್ಲು, ಸವಣೂರು ಕಡೆಯ ಜಾತ್ರೆಗಳಲ್ಲಿ ಬಲೂನಿಗೆ ಗುರಿಯಿಟ್ಟು ತಪ್ಪಿದವರು ಬೈಯುವುದು ಬಂದೂಕನ್ನೇ. ಜಾತ್ರೆಯ ಬಂದೂಕಿನ ಮಟ್ಟಿಗೆ ಅದು ನಿಜವೂ ಇರಬಹುದೆನ್ನಿ! ಆದರೆ ಶಿಗ್ಗಾಂವಿಯದೋ ಹಿರೇಕೆರೂರಿನದೋ ಹುಡುಗಿಯೊಬ್ಬಳು ಸ್ಪರ್ಧೆಗಿಳಿಯಲು, ಅಪ್ಪ ಹೊಲ ಅಡವಿಟ್ಟು ಲಕ್ಷಗಟ್ಟಲೆ ಬೆಲೆಯ ಏರ್ ರೈಫಲ್ ತರಬೇಕೆ?

2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ಗುರಿಯ ದೂರ 10 ಮೀಟರ್. ಸೀಸದ ಗುಂಡಿನ ವ್ಯಾಸ 4.5 ಮಿ.ಮೀ.; ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ.

ಗುಂಡುಗಳು ಚದುರಲು ಮುಖ್ಯ ಕಾರಣ ಎರಡು: ಕೈಯ ಅಲುಗಾಟ, ಬಂದೂಕಿನ ದೋಷ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವಾದ್ದರಿಂದ ಇವನ್ನು ನೇರವಾಗಿ ಕೂಡಿಸುವಂತಿಲ್ಲ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ನೀವು ಕಲಿತ ಪೈಥಾಗೊರಸನ ಲೆಕ್ಕವೇ. ಕೈಯಿಂದ 12, ಬಂದೂಕಿನಿಂದ 5 ಮಿ.ಮೀ. ಎಂದಿಟ್ಟುಕೊಳ್ಳಿ. ಒಟ್ಟು 13. ದೋಷವೇ ಇಲ್ಲದ ಬಂದೂಕು ತಂದರೂ 12! ಅಷ್ಟೆಲ್ಲ ಹಣಕ್ಕೆ ದಕ್ಕಿದ್ದು 1 ಮಿ.ಮೀ. ಅದೇ, ಅಭ್ಯಾಸದಿಂದ ಅಲುಗಾಟ 3ಕ್ಕೆ ಇಳಿದ ಮೇಲೆ ಒಟ್ಟು ಸುಮಾರು 5.8, ಆಗ ಬಂದೂಕು ಬದಲಿಸಿದರೆ 3.

ಕೆನ್ನೆಗೆ, ಹೆಗಲಿಗೆ ಹೊಂದಿಸಿಕೊಳ್ಳಬಹುದಾದ ಹಿಡಿಯ ಮಾತು ಬೇರೆ. ಅದು ಅಲುಗಾಟವನ್ನೇ ತಗ್ಗಿಸೀತು. ಕೊಳ್ಳುವ ಮೊದಲು ತರಬೇತಿ ಕೇಂದ್ರದಲ್ಲಿ, ತರಬೇತುದಾರರ ಎದುರಿನಲ್ಲೇ, ಹಳೆಯ ರೈಫಲನ್ನು ಅಲುಗದಂತೆ ಬಿಗಿದು ಹತ್ತು ಗುಂಡು ಹಾರಿಸಲಿ. ಆಮೇಲೆ ನಿಂತು ಹತ್ತು. ಎರಡು ಕಾಗದಗಳನ್ನೂ ಅಪ್ಪನ ಮುಂದೆ ಹರಡಲಿ.