ಮುಖ ಮರೆಸಿ ಜಗ ಕುಣಿಸಿದ ಜೋಡಿ

ಡಾಫ್ಟ್ ಪಂಕ್ ಪ್ಯಾರಿಸ್ಸಿನ ಇಬ್ಬರು ಶಾಲಾ ಗೆಳೆಯರು ಕಟ್ಟಿದ ಎಲೆಕ್ಟ್ರಾನಿಕ್ ನೃತ್ಯಸಂಗೀತದ ಜೋಡಿ. 1975ರಲ್ಲಿ ಹುಟ್ಟಿದ ತೋಮಾ ಬಾಂಗಾಲ್ಟೆರ್ ಮತ್ತು ಅವರಿಗಿಂತ ಒಂದು ವರ್ಷ ಹಿರಿಯರಾದ ಗೀ-ಮನುಯೆಲ್ ದಿ ಹೊಮೆಮ್-ಕ್ರಿಸ್ಟೊ ಪರಸ್ಪರ ಪರಿಚಯವಾದದ್ದು 1987ರಲ್ಲಿ, ಲಿಸೆ ಕಾರ್ನೊ ಎಂಬ ಶಾಲೆಯಲ್ಲಿ. 1993ರಿಂದ 2021ರವರೆಗಿನ 28 ವರ್ಷಗಳಲ್ಲಿ ಇವರು ಹೊರತಂದ ಸ್ಟುಡಿಯೋ ಆಲ್ಬಂಗಳು ನಾಲ್ಕೇ ನಾಲ್ಕು. ಕ್ಲಬ್ಬುಗಳ ಕತ್ತಲೆಯಲ್ಲಿ ಬೆಳೆದ ಸಂಗೀತವೊಂದು ಗ್ರ್ಯಾಮಿ ವೇದಿಕೆಯ ನಟ್ಟನಡುವೆ ಬಂದು ನಿಲ್ಲಲು ಅಷ್ಟು ಸಾಕಾಯಿತು.

ಶುರುವಾದದ್ದು ಗಿಟಾರಿನಿಂದ. ಇನ್ನೊಬ್ಬ ಗೆಳೆಯ ಲೋರಾಂ ಬ್ರಾಂಕೋವಿಟ್ಸ್ ಜೊತೆ ಸೇರಿ 1992ರಲ್ಲಿ ‘ಡಾರ್ಲಿನ್’ ಎಂಬ ರಾಕ್ ತಂಡ ಕಟ್ಟಿದರು. ಬೀಚ್ ಬಾಯ್ಸ್ ತಂಡದ ಹಾಡಿನಿಂದ ಎತ್ತಿಕೊಂಡ ಹೆಸರು ಅದು. ಬೆರಳೆಣಿಕೆಯ ಹಾಡುಗಳು, ಒಂದೆರಡು ಕಾರ್ಯಕ್ರಮ, ಅಷ್ಟೇ. ಬ್ರಿಟನ್ನಿನ ಸಂಗೀತ ವಾರಪತ್ರಿಕೆ ‘ಮೆಲೊಡಿ ಮೇಕರ್’ನ ವಿಮರ್ಶಕರೊಬ್ಬರು ಅವರ ಹಾಡನ್ನು ‘ಪೆದ್ದು ಪಂಕ್ ಗದ್ದಲ’ ಎಂಬರ್ಥದ ಮಾತಿನಲ್ಲಿ ತಳ್ಳಿಹಾಕಿದರು. ತಂಡ ಒಡೆಯಿತು. ಬ್ರಾಂಕೋವಿಟ್ಸ್ ಮುಂದೆ ‘ಫೀನಿಕ್ಸ್’ ತಂಡದಲ್ಲಿ ಹೆಸರು ಮಾಡಿದರು. ಉಳಿದಿಬ್ಬರು ಆ ಬೈಗುಳದ ಎರಡು ಪದಗಳನ್ನೇ ಹೊಸ ಜೋಡಿಯ ಹೆಸರಾಗಿಸಿಕೊಂಡರು.

ಬಾಂಗಾಲ್ಟೆರ್ ಬೆಳೆದದ್ದೇ ಡಿಸ್ಕೊ ಮನೆಯಲ್ಲಿ. ಅವರ ತಂದೆ ಡೇನಿಯಲ್ ವಾಂಗಾರ್ಡ್ ಎಂಬ ಹೆಸರಿನಲ್ಲಿ ಡಿಸ್ಕೊ ಹಾಡುಗಳನ್ನು ಬರೆದು ನಿರ್ಮಿಸುತ್ತಿದ್ದರು. ‘ಒಟ್ಟಾವಾನ್’ ಜೋಡಿಗೆಂದು ಅವರು ಝಾಂ ಕ್ಲೂಗರ್ ಜೊತೆ ಮಾಡಿದ ‘ತೆ ಓಕೆ’ ಎಂಬ 1980ರ ಫ್ರೆಂಚ್ ಹಾಡಿನ ಧಾಟಿ ಭಾರತೀಯರಿಗೆ ಬೇರೊಂದು ಹೆಸರಿನಲ್ಲಿ ಚೆನ್ನಾಗಿ ಗೊತ್ತು. 1982ರ ‘ಡಿಸ್ಕೊ ಡ್ಯಾನ್ಸರ್’ ಚಿತ್ರದಲ್ಲಿ ಬಪ್ಪಿ ಲಾಹಿರಿ ಅದನ್ನೇ ‘ಜಿಮ್ಮಿ ಜಿಮ್ಮಿ’ ಹಾಡಾಗಿ ಮಾರ್ಪಡಿಸಿದರು. ಗಣೇಶನ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಆ ಹಾಡಿಗೆ ಕುಣಿದ ಕರ್ನಾಟಕದ ಹುಡುಗರಿಗೆ ಮೂಲ ಮಟ್ಟು ಹಾಕಿದವರು ಡಾಫ್ಟ್ ಪಂಕ್ ಹುಡುಗನ ಅಪ್ಪ ಎಂದು ತಿಳಿದಿರಲು ಕಾರಣವೇ ಇರಲಿಲ್ಲ.

1990ರ ದಶಕದ ಆರಂಭದಲ್ಲಿ ಯುರೋಪಿನ ಯುವಕರನ್ನು ಹಿಡಿದಿದ್ದು ‘ಹೌಸ್’ ಸಂಗೀತ. ಅದು ಶಿಕಾಗೋದ ಕಪ್ಪು ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ ಹುಟ್ಟಿದ್ದು. ನಿಮಿಷಕ್ಕೆ ಸುಮಾರು 120 ಪೆಟ್ಟಿನ, ಒಂದೇ ಸಮನೆ ಬಡಿಯುವ ಡ್ರಮ್ಮು ಅದರ ಬೆನ್ನೆಲುಬು. ರಾತ್ರಿಯಿಡೀ ನಡೆಯುವ ‘ರೇವ್’ ಕೂಟಗಳನ್ನು ಫ್ರಾನ್ಸಿನ ಸರಕಾರ ಅನುಮಾನದಿಂದ ನೋಡುತ್ತಿತ್ತು, ಪೊಲೀಸರು ಬಂದು ನಿಲ್ಲಿಸುವುದೂ ಇತ್ತು. 1993ರಲ್ಲಿ ಪ್ಯಾರಿಸ್ ಬಳಿಯ ಯೂರೋ ಡಿಸ್ನಿಯಲ್ಲಿ ನಡೆದ ಅಂಥದೊಂದು ಕೂಟದಲ್ಲಿ ಈ ಹುಡುಗರು ಗ್ಲಾಸ್ಗೋದ ಸೋಮಾ ಸಂಸ್ಥೆಯ ಸ್ಟುವರ್ಟ್ ಮ್ಯಾಕ್‌ಮಿಲನ್ ಅವರನ್ನು ಕಂಡು ತಮ್ಮ ಕ್ಯಾಸೆಟ್ ಕೊಟ್ಟರು. ಮರುವರ್ಷ ‘ದ ನ್ಯೂ ವೇವ್’, 1995ರಲ್ಲಿ ‘ಡಾ ಫಂಕ್’ ಸ್ಕಾಟ್ಲೆಂಡಿನಿಂದಲೇ ಹೊರಬಂದವು. ಫ್ರಾನ್ಸಿನವರಿಗೆ ಮೊದಲ ಬಾಗಿಲು ತೆರೆದದ್ದು ಹೊರಗಿನ ಒಂದು ಸಣ್ಣ ಕಂಪನಿ.

ದೊಡ್ಡ ಕಂಪನಿಗಳು ಬೆನ್ನುಹತ್ತಿದಾಗ ಇಬ್ಬರಿಗೂ ಇಪ್ಪತ್ತು ದಾಟಿ ಒಂದೆರಡು ವರ್ಷ. 1996ರಲ್ಲಿ ವರ್ಜಿನ್ ಜೊತೆ ಒಪ್ಪಂದವಾಯಿತು, ಆದರೆ ಷರತ್ತು ಇವರದು. ಹಾಡುಗಳ ಮೂಲ ಮುದ್ರಿಕೆಯ ಒಡೆತನವನ್ನು ತಮ್ಮ ಕಂಪನಿಯಲ್ಲೇ ಉಳಿಸಿಕೊಂಡು ವರ್ಜಿನ್‌ಗೆ ಮಾರುವ ಪರವಾನಗಿ ಮಾತ್ರ ಕೊಟ್ಟರು. ಹೆಚ್ಚು ಹಣಕ್ಕಿಂತ ಹೆಚ್ಚು ಹಿಡಿತ ಬೇಕೆಂದು ಆ ವಯಸ್ಸಿನಲ್ಲಿ ಪಟ್ಟುಹಿಡಿಯುವುದು ಸುಲಭದ ಮಾತಲ್ಲ. ಉದ್ಯಮದ ಒಳಹೊರಗು ಬಲ್ಲ ಬಾಂಗಾಲ್ಟೆರ್ ತಂದೆಯ ನೆರವು ಅಲ್ಲಿತ್ತು. ಮೊದಲ ಆಲ್ಬಂನ ಟಿಪ್ಪಣಿಯಲ್ಲಿ ಅವರ ಸಲಹೆಗೆ ಕೃತಜ್ಞತೆ ಹೇಳಲಾಗಿದೆ. ಡಾಫ್ಟ್ ಪಂಕ್ ಮುಂದೆ ಮಾಡಿದ್ದೆಲ್ಲ, ವರ್ಷಗಟ್ಟಲೆ ಮೌನವಾಗಿರುವುದೂ ಸೇರಿದಂತೆ, ಸಾಧ್ಯವಾದದ್ದು ಈ ಒಂದು ನಿರ್ಧಾರದಿಂದ.

ಆ ಮೊದಲ ಆಲ್ಬಂ, 1997ರ ಜನವರಿಯ ‘ಹೋಂವರ್ಕ್’, ಹೆಸರಿಗೆ ತಕ್ಕಂತೆ ಮನೆಯಲ್ಲೇ ತಯಾರಾದದ್ದು. ಬಾಂಗಾಲ್ಟೆರ್ ಅವರ ಮಲಗುವ ಕೋಣೆಯೇ ಸ್ಟುಡಿಯೋ. ಡ್ರಮ್ ಮಷಿನ್, ಸಿಂಥಸೈಜರ್, ಸ್ಯಾಂಪ್ಲರ್ ಎಲ್ಲ ಅಲ್ಲಿಯೇ. ‘ಟೀಚರ್ಸ್’ ಎಂಬ ತುಣುಕಿನಲ್ಲಿ ಶಿಕಾಗೋ, ಡೆಟ್ರಾಯಿಟ್ ಮೊದಲಾದ ಕಡೆಯ ತಮ್ಮ ಗುರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಕಲಿತದ್ದು ಯಾರಿಂದ ಎಂದು ಮೊದಲ ಪುಸ್ತಕದಲ್ಲೇ ಬರೆದಿಟ್ಟ ಗುರುವಂದನೆ ಅದು. ‘ಅರೌಂಡ್ ದ ವರ್ಲ್ಡ್’ ಹಾಡಿಗೆ ಸಾಹಿತ್ಯವೆಂದರೆ ಶೀರ್ಷಿಕೆಯ ಆ ಮೂರು ಪದ ಮಾತ್ರ. ಆಲ್ಬಂನ ಆವೃತ್ತಿಯಲ್ಲಿ ಅದು 144 ಸಲ ಬರುತ್ತದೆ. ಬೇಸರವಾಗಬೇಕಿತ್ತು, ಆಗುವುದಿಲ್ಲ. ಕೆಳಗೆ ಬಾಸ್ ಗಿಟಾರು ಮೆಟ್ಟಿಲು ಹತ್ತಿ ಇಳಿಯುತ್ತದೆ, ಒಂದು ವಾದ್ಯ ಸರಿದರೆ ಇನ್ನೊಂದು ಬರುತ್ತದೆ, ಪ್ರತಿ ಆವರ್ತದಲ್ಲೂ ಏನೋ ಒಂದು ಬದಲಾಗಿರುತ್ತದೆ. ಮಿಷೆಲ್ ಗೊಂದ್ರಿ ಮಾಡಿದ ಅದರ ವಿಡಿಯೋ ನೋಡಿದರೆ ಸಂಗೀತದ ಕಟ್ಟೋಣ ಕಣ್ಣಿಗೇ ಕಾಣುತ್ತದೆ. ರೋಬೋಗಳು ಕುಣಿದರೆ ಅದು ಹಾಡುವ ದನಿ, ಮಮ್ಮಿಗಳು ಡ್ರಮ್ಮು, ಅಸ್ಥಿಪಂಜರಗಳು ಗಿಟಾರು. ಬಾಸ್ ಸ್ವರ ಏರಿಳಿದಂತೆ ಎತ್ತರದ ಕ್ರೀಡಾಪಟುಗಳು ನಿಜವಾಗಿಯೂ ಮೆಟ್ಟಿಲು ಹತ್ತಿ ಇಳಿಯುತ್ತಾರೆ.

ಎರಡನೆಯ ಆಲ್ಬಂ ‘ಡಿಸ್ಕವರಿ’ ಬಂದದ್ದು 2001ರಲ್ಲಿ. ಅಷ್ಟರಲ್ಲಿ ಇಬ್ಬರೂ ರೋಬೋಗಳಾಗಿದ್ದರು. ಅದುವರೆಗೆ ಸಿಕ್ಕಸಿಕ್ಕ ಮುಖವಾಡದಲ್ಲಿ ಮರೆಯಾಗುತ್ತಿದ್ದವರು ಈಗ ಬೆಳ್ಳಿ ಮತ್ತು ಬಂಗಾರದ ಬಣ್ಣದ ಹೆಲ್ಮೆಟ್ ತೊಟ್ಟರು, ಅದಕ್ಕೊಂದು ಕತೆಯನ್ನೂ ಕಟ್ಟಿದರು: 1999ರ ಸೆಪ್ಟೆಂಬರ್ 9ರಂದು ಬೆಳಿಗ್ಗೆ 9 ಗಂಟೆ 9 ನಿಮಿಷಕ್ಕೆ ಸ್ಟುಡಿಯೋದಲ್ಲಿ ಸ್ಯಾಂಪ್ಲರ್ ಸ್ಫೋಟಿಸಿತು, ಎಚ್ಚರವಾದಾಗ ತಾವು ಯಂತ್ರಗಳಾಗಿದ್ದೆವು ಎಂದು. ವೇಷ ಹಾಕಿದ ಕಲಾವಿದ ವೇಷ ಕಳಚುವವರೆಗೆ ಪಾತ್ರವೇ ಆಗಿರಬೇಕೆಂಬುದು ಯಕ್ಷಗಾನ ನೋಡಿದವರಿಗೆ ಹೊಸದಲ್ಲ. ಇವರು ಎರಡು ದಶಕ ಆ ಶಿಸ್ತನ್ನು ಬಿಡಲಿಲ್ಲ. ಜಗತ್ತು ಅವರ ಹಾಡು ಕೇಳುತ್ತಿದ್ದಾಗಲೂ ರಸ್ತೆಯಲ್ಲಿ ಗುರುತು ಹಿಡಿಯುವವರಿರಲಿಲ್ಲ.

‘ಡಿಸ್ಕವರಿ’ಯ ಜೀವಾಳ ಸ್ಯಾಂಪ್ಲಿಂಗ್, ಅಂದರೆ ಹಳೆಯ ರೆಕಾರ್ಡಿನ ತುಣುಕನ್ನು ಕತ್ತರಿಸಿ ಹೊಸ ಹಾಡಿಗೆ ನೆಯ್ಯುವ ಕೆಲಸ. ‘ಹಾರ್ಡರ್, ಬೆಟರ್, ಫಾಸ್ಟರ್, ಸ್ಟ್ರಾಂಗರ್’ ನಿಂತಿರುವುದು ಎಡ್ವಿನ್ ಬರ್ಡ್‌ಸಾಂಗ್ ಅವರ 1979ರ ಹಾಡೊಂದರ ತುಣುಕಿನ ಮೇಲೆ. ‘ಒನ್ ಮೋರ್ ಟೈಂ’ ಹಾಡಿನಲ್ಲಿ ಈ ಕೈಚಳಕವನ್ನು ಇನ್ನೂ ಹತ್ತಿರದಿಂದ ಕೇಳಬಹುದು. ಎಡ್ಡಿ ಜಾನ್ಸ್ ಎಂಬ ಗಾಯಕರ 1979ರ ಡಿಸ್ಕೊ ಹಾಡಿನಿಂದ ತುತ್ತೂರಿ ವಾದ್ಯಗಳ ಚೂರುಗಳನ್ನು ಆಯ್ದು, ಅವುಗಳ ಕ್ರಮ ಬದಲಿಸಿ ಜೋಡಿಸಲಾಗಿದೆ. ಮೂಲವನ್ನೂ ಇದನ್ನೂ ಒಂದಾದ ಮೇಲೊಂದು ಕೇಳಿದರೂ ಸಂಬಂಧ ಥಟ್ಟನೆ ಹೊಳೆಯದು. ಆರಂಭದಲ್ಲಿ ಆ ತುತ್ತೂರಿ ಗೋಡೆಯಾಚೆಯ ಮದುವೆಮನೆಯಿಂದ ಬಂದಂತೆ ಮುಸುಕಾಗಿ ಕೇಳುತ್ತದೆ. ಫಿಲ್ಟರಿನ ಗುಂಡಿ ತಿರುಗಿದಂತೆ ಯಾರೋ ಬಾಗಿಲು ತೆರೆದ ಹಾಗೆ ಸದ್ದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಯಂತ್ರದಲ್ಲಿ ಹಾಯಿಸಿದ ಗಾಯಕ ರೊಮಾಂಥನಿಯ ಕೊರಳು. ಹೊಸ ತಂತ್ರದಲ್ಲಿ ಹಳೆಯ ಡಿಸ್ಕೊದ ಸಂಭ್ರಮವನ್ನು ಇಷ್ಟು ಹಿಗ್ಗಿನಿಂದ ಮರಳಿಸಿದ ಹಾಡು ಇನ್ನೊಂದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆ ತುಣುಕಿನ ಗೌರವಧನ ಹಕ್ಕುದಾರ ಕಂಪನಿಗೆ ಹೋಗುತ್ತಿತ್ತು, ಹಾಡಿದ ಎಡ್ಡಿ ಜಾನ್ಸ್ ಅವರಿಗೆ ತಲುಪಿರಲಿಲ್ಲ. ಅವರು ಲಾಸ್ ಏಂಜಲೀಸಿನಲ್ಲಿ ಕೆಲಕಾಲ ಸೂರಿಲ್ಲದೆ ಬದುಕಿದ್ದರೆಂದು 2021ರಲ್ಲಿ ಅಲ್ಲಿನ ಪತ್ರಿಕೆ ವರದಿ ಮಾಡಿತು. ಕಾನೂನಿನ ಪ್ರಕಾರ ಹಣ ಸಂದಾಯವಾಗಿದ್ದರೂ ಕಲಾವಿದನ ಕೈ ಬರಿದಾಗಿಯೇ ಉಳಿಯುವುದು ಈ ಉದ್ಯಮದ ದೊಡ್ಡ ಅನ್ಯಾಯ. ಒಡೆತನಕ್ಕಾಗಿ ಡಾಫ್ಟ್ ಪಂಕ್ ಅಷ್ಟು ಜಿಗುಟಾಗಿ ನಿಂತದ್ದೇಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ.

2005ರ ‘ಹ್ಯೂಮನ್ ಆಫ್ಟರ್ ಆಲ್’ ಕೆಲವೇ ವಾರಗಳಲ್ಲಿ ಮಾಡಿ ಮುಗಿಸಿದ ಆಲ್ಬಂ. ಒರಟಾಗಿತ್ತು, ವಿಮರ್ಶಕರಿಗೆ ಹಿಡಿಸಲಿಲ್ಲ. ಜೋಡಿಯ ಕತೆ ಮುಗಿಯಿತೆಂಬ ಮಾತು ಹಬ್ಬುತ್ತಿದ್ದಾಗಲೇ, 2006ರ ಏಪ್ರಿಲ್ 29ರ ರಾತ್ರಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಪರದೆ ಸರಿಯಿತು. ಒಳಗೆ ಬೆಳಕು ಉಗುಳುವ ಪಿರಮಿಡ್, ಅದರ ನೆತ್ತಿಯ ಬಳಿ ಎರಡು ಹೆಲ್ಮೆಟ್. ಮೂರು ಆಲ್ಬಂಗಳ ಹಾಡುಗಳು ಒಂದರೊಳಗೊಂದು ಬೆಸೆದುಕೊಂಡು ಹರಿದವು. ಚಪ್ಪೆಯೆನಿಸಿದ್ದ ಹೊಸ ಹಾಡುಗಳು ಹಳೆಯವುಗಳ ಜೊತೆ ಸೇರಿದಾಗ ಕಳೆಗಟ್ಟಿದವು. ಜನ ಮೊಬೈಲಿನಲ್ಲಿ ಹಿಡಿದ ಮಸುಕು ದೃಶ್ಯಗಳು ಆಗಷ್ಟೇ ಕಣ್ಣುಬಿಡುತ್ತಿದ್ದ ಯೂಟ್ಯೂಬಿನಲ್ಲಿ ಹರಡಿದವು. ದೊಡ್ಡ ಎಲ್‌ಇಡಿ ಗೋಡೆಯ ಮುಂದೆ ಡಿಜೆ ನಿಲ್ಲುವ ಇಂದಿನ ಪದ್ಧತಿ ಬೇರುಬಿಟ್ಟದ್ದು ಆ ರಾತ್ರಿಯಲ್ಲಿ. ಮರುವರ್ಷದ ಪ್ರವಾಸದ ಧ್ವನಿಮುದ್ರಣ ‘ಅಲೈವ್ 2007’ ಗ್ರ್ಯಾಮಿ ಗಳಿಸಿತು. ಅದೇ 2007ರಲ್ಲಿ ಕಾನ್ಯೆ ವೆಸ್ಟ್ ಇವರ ಹಾಡನ್ನು ಆಧರಿಸಿ ‘ಸ್ಟ್ರಾಂಗರ್’ ಮಾಡಿದರು. ಇತರರ ಹಾಡಿನಿಂದ ಆಯ್ದುಕೊಂಡವರ ಹಾಡನ್ನೇ ಈಗ ಇತರರು ಆಯ್ದುಕೊಳ್ಳತೊಡಗಿದ್ದರು.

2010ರಲ್ಲಿ ‘ಟ್ರಾನ್: ಲೆಗಸಿ’ ಚಿತ್ರಕ್ಕೆ ವಾದ್ಯವೃಂದದೊಡನೆ ಸಂಗೀತ ನೀಡಿದ ಅನುಭವ ಇವರನ್ನು ಬೇರೆ ದಾರಿಗೆ ತಿರುಗಿಸಿತು. ಲ್ಯಾಪ್‌ಟಾಪ್ ಇದ್ದವರೆಲ್ಲ ನೃತ್ಯಸಂಗೀತ ಮಾಡುತ್ತಿದ್ದ ಹೊತ್ತಿನಲ್ಲಿ, 2013ರ ‘ರ್‍ಯಾಂಡಮ್ ಆಕ್ಸೆಸ್ ಮೆಮರೀಸ್’ಗಾಗಿ ಜೀವಂತ ವಾದ್ಯಗಾರರನ್ನು ಕರೆದು ಟೇಪಿನ ಮೇಲೆ ಮುದ್ರಿಸಿದರು. ತುಣುಕಾಗಿ ಆಯ್ದುಕೊಳ್ಳಬಹುದಾಗಿದ್ದ ಹಿರಿಯರೇ ಸ್ಟುಡಿಯೋಗೆ ಬಂದರು. ‘ಗೆಟ್ ಲಕಿ’ಗೆ ‘ಶಿಕ್’ ತಂಡದ ನೈಲ್ ರಾಜರ್ಸ್ ಗಿಟಾರು ನುಡಿಸಿದರು, ಫರೆಲ್ ವಿಲಿಯಮ್ಸ್ ಹಾಡಿದರು. ಡಿಸ್ಕೊ ಯುಗದ ಜಾರ್ಜಿಯೊ ಮೊರೊಡರ್ ತಮ್ಮ ಬದುಕಿನ ಕತೆ ಹೇಳಲು ಕೂತಾಗ ಎದುರಿಗೆ ಒಂದಲ್ಲ, ಮೂರು ಕಾಲಮಾನಗಳ ಮೂರು ಮೈಕು ಇದ್ದವು: 60ರ ದಶಕದ್ದು, 70ರ ದಶಕದ್ದು, ಈಗಿನದು. ಕತೆ ಯಾವ ಕಾಲದ್ದೋ ಆ ಕಾಲದ ಮೈಕಿನ ದನಿಯೇ ಬೇಕು ಎಂಬುದು ಇವರ ಹಟ. ಕೇಳುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೂ ಇಟ್ಟರು.

ಆಲ್ಬಂ ಬಿಡುಗಡೆಯಾದದ್ದು ಆಸ್ಟ್ರೇಲಿಯಾದ ಹತ್ತಿ ಬೆಳೆಯುವ ವೀ ವಾ ಎಂಬ ಪುಟ್ಟ ಊರಿನ ಕೃಷಿಮೇಳದಲ್ಲಿ. ಜೋಡಿ ಅಲ್ಲಿಗೆ ಹೋಗಲಿಲ್ಲ, ಹಾಡುಗಳನ್ನಷ್ಟೇ ಕಳಿಸಿತು. 2014ರ ಜನವರಿಯಲ್ಲಿ ವರ್ಷದ ಆಲ್ಬಂ, ವರ್ಷದ ರೆಕಾರ್ಡ್ ಸೇರಿ ಐದು ಗ್ರ್ಯಾಮಿ ಬಂದವು. ವೇದಿಕೆಯ ಮೇಲೆ ರೋಬೋಗಳು ತುಟಿ ಬಿಚ್ಚಲಿಲ್ಲ, ಧನ್ಯವಾದದ ಮಾತನ್ನು ಜೊತೆಗಾರರು ಆಡಿದರು. ಗಾಯಕ ದ ವೀಕೆಂಡ್ ಜೊತೆ ಮಾಡಿದ ‘ಸ್ಟಾರ್‌ಬಾಯ್’ 2017ರ ಜನವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಅದೇ ವರ್ಷದ ಜುಲೈ 14ರಂದು, ಫ್ರಾನ್ಸಿನ ರಾಷ್ಟ್ರೀಯ ದಿನದ ಪಥಸಂಚಲನದಲ್ಲಿ, ರಾಷ್ಟ್ರಾಧ್ಯಕ್ಷರ ಎದುರು ಸೇನಾ ಬ್ಯಾಂಡ್ ಡಾಫ್ಟ್ ಪಂಕ್ ಹಾಡುಗಳನ್ನು ನುಡಿಸಿತು. ಒಂದು ಕಾಲಕ್ಕೆ ಪೊಲೀಸರು ನಿಲ್ಲಿಸಿದ್ದ ಸಂಗೀತವನ್ನು ಈಗ ಸಮವಸ್ತ್ರದವರೇ ಊದುತ್ತಿದ್ದರು.

2021ರ ಫೆಬ್ರವರಿ 22ರಂದು ‘ಎಪಿಲಾಗ್’ ಎಂಬ ಎಂಟು ನಿಮಿಷದ ವಿಡಿಯೋ ಕಾಣಿಸಿಕೊಂಡಿತು. ಇವರದೇ 2006ರ ‘ಎಲೆಕ್ಟ್ರೋಮಾ’ ಚಿತ್ರದ ದೃಶ್ಯ ಅದು. ಮರುಭೂಮಿಯಲ್ಲಿ ಒಂದು ರೋಬೋ ಇನ್ನೊಂದರ ಬೆನ್ನಿನ ಗುಂಡಿ ಒತ್ತುತ್ತದೆ, ಅದು ದೂರ ನಡೆದು ಸಿಡಿದುಹೋಗುತ್ತದೆ. ಬಳಿಕ ತೆರೆಯ ಮೇಲೆ ಎರಡು ಇಸವಿ: 1993, 2021. ಜೋಡಿ ಬೇರೆಯಾದದ್ದಕ್ಕೆ ಕಾರಣದ ವಿವರಣೆ ಅದರಲ್ಲಿರಲಿಲ್ಲ. 2022ರ ಜುಲೈನಲ್ಲಿ ಬೋರ್ಡೋ ನಗರದ ರಂಗಮಂದಿರದಲ್ಲಿ ‘ಮಿಥಾಲಜೀಸ್’ ಎಂಬ ಬ್ಯಾಲೆ ಪ್ರದರ್ಶನಗೊಂಡಿತು. ಬಾಂಗಾಲ್ಟೆರ್ ಅದಕ್ಕೆ ಸ್ವರಲಿಪಿ ಬರೆದದ್ದು ಡ್ರಮ್ ಮಷಿನ್ನಿಗಲ್ಲ, ಪೂರ್ಣ ವಾದ್ಯವೃಂದಕ್ಕೆ. ಮರುವರ್ಷ ಅದರ ಧ್ವನಿಮುದ್ರಣ ಬಂದಾಗ ಅವರು ಹೆಲ್ಮೆಟ್ ಇಲ್ಲದೆ, ಬರಿಮುಖದಲ್ಲಿ ಸಂದರ್ಶನಗಳಿಗೆ ಕೂತರು.