ಪ್ರಬಂಧ ಪ್ರಕಟಣೆಗೂ ಶುಲ್ಕ: ಸಂಶೋಧಕರ ಮುಂದಿರುವ ದಾರಿಗಳು

ಧಾರವಾಡ: ಸಂಶೋಧನಾ ಪ್ರಬಂಧಗಳು ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕು ಎಂಬುದು ಮುಕ್ತ ಪ್ರಕಟಣೆಯ ತತ್ವ. ಆದರೆ ಓದುಗರು ತೆರಬೇಕಿದ್ದ ಹಣವನ್ನು ಅನೇಕ ಪತ್ರಿಕೆಗಳು ಲೇಖಕರಿಂದ ವಸೂಲು ಮಾಡುತ್ತವೆ. 'ನೇಚರ್' ಪತ್ರಿಕೆ ಮುಕ್ತ ಪ್ರಕಟಣೆಗೆಂದು 2020ರಲ್ಲಿ ಘೋಷಿಸಿದ ಶುಲ್ಕ 9,500 ಯೂರೋ. ಅಂದರೆ ಎಂಟು ಲಕ್ಷ ರೂಪಾಯಿಗೂ ಅಧಿಕ. 2023ರಲ್ಲಿ ಪರಿಷ್ಕೃತಗೊಂಡ ಯುಜಿಸಿಯ ಕಿರಿಯ ಸಂಶೋಧನಾ ವೇತನವಾದರೋ ತಿಂಗಳಿಗೆ 37,000 ರೂ. ಕೆಲಗೇರಿ ಸಮೀಪದ ಕರ್ನಾಟಕ ವಿಶ್ವವಿದ್ಯಾಲಯದಂತಹ ಸಂಸ್ಥೆಗಳ ಸಂಶೋಧಕರು ಇಷ್ಟು ಹಣವನ್ನು ಎಲ್ಲಿಂದ ತರಬೇಕು?

ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್ 25ರಂದು ಅನುಮೋದಿಸಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಇದಕ್ಕೆ ಭಾಗಶಃ ಉತ್ತರ. ಮೂರು ವರ್ಷಗಳಿಗೆ 6,000 ಕೋಟಿ ರೂ. ವೆಚ್ಚದ ಈ ಯೋಜನೆ ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುವಂಥದ್ದು. ಆಯ್ದ ಉತ್ತಮ ಮುಕ್ತ ಪತ್ರಿಕೆಗಳಲ್ಲಿ ಪ್ರಕಟಿಸುವ ಲೇಖಕರಿಗೆ ವರ್ಷಕ್ಕೆ 150 ಕೋಟಿ ರೂ.ವರೆಗಿನ ನೆರವಿಗೂ ಇದರಲ್ಲಿ ಅವಕಾಶವಿದೆ.

ಶುಲ್ಕವಿಲ್ಲದ ದಾರಿಯೂ ಉಂಟು. ಪ್ರಕಾಶಕರ ನಿಯಮ ಅನುಮತಿಸಿದರೆ, ಅಂಗೀಕೃತವಾದ ಹಸ್ತಪ್ರತಿಯನ್ನು ಸಂಸ್ಥೆಯ ಅಂತರ್ಜಾಲ ಭಂಡಾರದಲ್ಲಿ ಎಲ್ಲರ ಓದಿಗೆ ಇರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಂತಹ ಭಂಡಾರವನ್ನು ಆರಂಭಿಸಿತು. ಆದ್ದರಿಂದ ಹಣ ಕಟ್ಟುವ ಮುನ್ನ ಗ್ರಂಥಪಾಲಕರನ್ನು ಒಮ್ಮೆ ವಿಚಾರಿಸುವುದು ಲೇಸು.