ವರ್ಸೇಲ್ಸ್, ಕಲ್ಕತ್ತೆ, ಮಂಗಳೂರು: 1783ರ ಶಾಂತಿ ಒಪ್ಪಂದದ ಎರಡು ಮುಖಗಳು

ಕೋಲ್ಕತ್ತದಿಂದ ಹೂಗ್ಲಿ ನದಿಯ ಪಶ್ಚಿಮ ದಂಡೆಗುಂಟ ಉತ್ತರಕ್ಕೆ ಸಾಗಿದರೆ ಹಿಂದೆ ಡೇನರದಾಗಿದ್ದ ಶ್ರೀರಾಂಪುರ, ಫ್ರೆಂಚರದಾಗಿದ್ದ ಚಂದ್ರನಗರ, ಡಚ್ಚರದಾಗಿದ್ದ ಚಿನ್ಸುರಾ ಒಂದಾದ ಮೇಲೊಂದು ಎದುರಾಗುತ್ತವೆ. ಯುರೋಪಿನಲ್ಲಿ ಸಹಿಯಾದ ಒಪ್ಪಂದಗಳು ಇಂಥ ಊರುಗಳ ಒಡೆತನವನ್ನು ನಿರ್ಧರಿಸುತ್ತಿದ್ದವು. ಕರ್ನಾಟಕದ ಚರಿತ್ರೆಯಲ್ಲಿ ಬಹುಪರಿಚಿತವಾದ 1784ರ ಮಂಗಳೂರು ಒಪ್ಪಂದವನ್ನು ಇವುಗಳ ಚರಿತ್ರೆಯೊಡನೆ ಇಟ್ಟು ನೋಡಿದಾಗ ಮಾತ್ರ ಅದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆಂದು ನಾವು ಭಾವಿಸುತ್ತೇವೆ.

ಚಂದ್ರನಗರವನ್ನೇ ಉದಾಹರಣೆಯಾಗಿ ಪರಿಶೀಲಿಸಬಹುದು. 1757ರ ಮಾರ್ಚ್‌ನಲ್ಲಿ ಕ್ಲೈವ್ ಮತ್ತು ವಾಟ್ಸನ್ ಅದನ್ನು ವಶಪಡಿಸಿಕೊಂಡರು. 1763ರ ಫೆಬ್ರವರಿ 10ರ ಪ್ಯಾರಿಸ್ ಒಪ್ಪಂದವು ಅದನ್ನು ಫ್ರೆಂಚರಿಗೆ ಮರಳಿಸಿತು. ಆದರೆ ಬಂಗಾಳದಲ್ಲಿ ಅವರು ಕೋಟೆ ಕಟ್ಟಕೂಡದು, ಸೈನ್ಯ ಇರಿಸಕೂಡದು ಎಂಬ ಷರತ್ತನ್ನೂ ವಿಧಿಸಿತು. ಅಮೆರಿಕದ ಯುದ್ಧದ ನಿಮಿತ್ತ 1778ರಲ್ಲಿ ಇಂಗ್ಲಿಷರು ಮತ್ತೆ ಅದನ್ನು ಹಿಡಿದರು. 1783ರ ಒಪ್ಪಂದ ಮತ್ತೆ ಮರಳಿಸಿತು. ಚಿನ್ಸುರಾದ ಸಂಗತಿಯೂ ಇಂಥದೇ. 1824ರ ಆಂಗ್ಲ-ಡಚ್ ಒಪ್ಪಂದದಲ್ಲಿ ಸುಮಾತ್ರಾದ ಬೆಂಕುಲೆನ್ ಡಚ್ಚರಿಗೂ ಚಿನ್ಸುರಾ ಇಂಗ್ಲಿಷರಿಗೂ ಸಂದವು. ಇವಾವುದರಲ್ಲಿಯೂ ಸ್ಥಳೀಯ ಜನರ ಮಾತಿಗೆ ಎಡೆಯಿರಲಿಲ್ಲ.

1778ರ ಅದೇ ಯುದ್ಧ ಕರ್ನಾಟಕವನ್ನೂ ತಟ್ಟಿತು. 1779ರ ಮಾರ್ಚ್‌ನಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆಯನ್ನು ವಶಪಡಿಸಿಕೊಂಡರು. ಹೈದರಾಲಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಬಂದರು ಅದು. 1780ರಲ್ಲಿ ಆರಂಭವಾದ ಎರಡನೆಯ ಮೈಸೂರು ಯುದ್ಧಕ್ಕೆ ಇದೂ ಒಂದು ಕಾರಣ. 1782ರ ಡಿಸೆಂಬರ್‌ನಲ್ಲಿ ಹೈದರನು ತೀರಿಕೊಂಡ ಬಳಿಕ ಟಿಪ್ಪು ಯುದ್ಧವನ್ನು ಮುಂದುವರಿಸಿದನು.

1783ರ ಜನವರಿ 20ರಂದು ವರ್ಸೇಲ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಪ್ರಾಥಮಿಕ ಕರಾರಿಗೆ ಸಹಿ ಹಾಕಿದವು. ಆ ಸುದ್ದಿ ಕಡಲೂರಿನ ರಣಾಂಗಣವನ್ನು ಮುಟ್ಟಿದ್ದು ಜೂನ್ ಕೊನೆಯಲ್ಲಿ. ಈ ಐದು ತಿಂಗಳ ಅಂತರದಲ್ಲಿ, ಶಾಂತಿಯಾಗಿದ್ದರೂ, ಉಭಯ ಪಕ್ಷಗಳ ಸೈನಿಕರು ಕಾದಾಡಿ ಮಡಿದರು. ಆಗ ಟಿಪ್ಪು ಮಂಗಳೂರು ಕೋಟೆಯನ್ನು ಮುತ್ತಿದ್ದನು. ಅವನೊಡನಿದ್ದ ಫ್ರೆಂಚ್ ತುಕಡಿ ಹಿಂದೆ ಸರಿಯಿತು.

ಇಲ್ಲಿ ವರ್ಸೇಲ್ಸ್ ಕರಾರಿನ 16ನೆಯ ಕಲಮು ಗಮನಾರ್ಹ. ಭಾರತದಲ್ಲಿ ಎರಡೂ ರಾಷ್ಟ್ರಗಳಿಗೆ ಮಿತ್ರರಿದ್ದರೆ ಅವರನ್ನು ಈ ಶಾಂತಿಗೆ ಸೇರುವಂತೆ ಆಹ್ವಾನಿಸತಕ್ಕದ್ದು. ನಿರ್ಧಾರಕ್ಕೆ ನಾಲ್ಕು ತಿಂಗಳ ಅವಧಿ. ಒಪ್ಪದಿದ್ದರೆ ಅವರಿಗೆ ನೆರವಿಲ್ಲ. ಯುರೋಪಿನ ದೃಷ್ಟಿಯಲ್ಲಿ ಮೈಸೂರು ಅನ್ಯರ ಶಾಂತಿಗೆ ಸಮ್ಮತಿಸಬೇಕಾದ ಮಿತ್ರ ಮಾತ್ರ.

ಟಿಪ್ಪು ಆ ಸ್ಥಾನವನ್ನು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಕದನವಿರಾಮವಾದರೂ ಕೋಟೆಯ ದಿಗ್ಬಂಧನ ಸಡಿಲಲಿಲ್ಲ. 1784ರ ಜನವರಿ 30ರಂದು ಕೋಟೆ ಶರಣಾಯಿತು. ಮದರಾಸಿನಿಂದ ಬಂದ ಮೂವರು ಆಯುಕ್ತರೊಡನೆ ಮಾರ್ಚ್ 11ರಂದು ಅವನು ಸ್ವತಂತ್ರ ಒಪ್ಪಂದ ಮಾಡಿಕೊಂಡನು. ಗೆದ್ದುದನ್ನು ಉಭಯರೂ ಹಿಂತಿರುಗಿಸಬೇಕೆಂಬುದೇ ಅದರ ತಿರುಳು. ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಇಂಗ್ಲಿಷರು ಬಿಟ್ಟುಕೊಟ್ಟರು.

1773ರ ರೆಗ್ಯುಲೇಟಿಂಗ್ ಆಕ್ಟ್ ಯುದ್ಧ-ಶಾಂತಿಗಳ ವಿಷಯದಲ್ಲಿ ಮದರಾಸನ್ನು ಕಲ್ಕತ್ತೆಯ ಅಧೀನಕ್ಕೆ ಒಳಪಡಿಸಿತ್ತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಮಂಗಳೂರಿನ ಷರತ್ತುಗಳು ರುಚಿಸಲಿಲ್ಲ. ಆದರೂ ಅವನು ಒಪ್ಪಂದವನ್ನು ರದ್ದುಗೊಳಿಸಲಾಗಲಿಲ್ಲ.

ಹೀಗೆ ಒಂದೇ ಯುದ್ಧ ಎರಡು ಬಗೆಯಲ್ಲಿ ಮುಗಿಯಿತು: ಚಂದ್ರನಗರದ ಭವಿಷ್ಯ ವರ್ಸೇಲ್ಸ್‌ನಲ್ಲಿ, ಕನ್ನಡ ಕರಾವಳಿಯ ಭವಿಷ್ಯ ಮಂಗಳೂರಿನಲ್ಲಿ ನಿರ್ಧಾರವಾಯಿತು. ಚಂದ್ರನಗರದ ಜನರ ಅಭಿಪ್ರಾಯವನ್ನು ಮತದಾನದ ಮೂಲಕ ಕೇಳಿದ್ದು 1949ರ ಜೂನ್‌ನಲ್ಲಿ. ಅವರು ಭಾರತವನ್ನು ಆರಿಸಿದರು. ಮಂಗಳೂರು ಒಪ್ಪಂದವನ್ನು ಪ್ರಾದೇಶಿಕ ಘಟನೆಯೆಂದಷ್ಟೇ ಕಾಣದೆ, ಯುರೋಪಿನ ರಾಜತಂತ್ರಕ್ಕೆ ಭಾರತೀಯ ರಾಜ್ಯವೊಂದು ಕೊಟ್ಟ ಉತ್ತರವೆಂದು ಅಭ್ಯಸಿಸುವುದು ಅಗತ್ಯ. ಬಂಗಾಳದ ಮತ್ತು ಕರ್ನಾಟಕದ ಸಂಶೋಧಕರು ಜೊತೆಗೂಡಿ ಮಾಡಬೇಕಾದ ಕೆಲಸವಿದು.